ಕೇಳದೇ ಉಳಿದ ಮಾತು

ನಿನ್ನೆ ರಾತ್ರಿ ಮತ್ತೆ ದಿ ಸ್ಮಿತ್ಸ್ ಹಾಕಿಕೊಂಡು ಕೂತಿದ್ದೆ. ಮ್ಯಾಂಚೆಸ್ಟರ್‌ನ ಬ್ಯಾಂಡ್. 1986ರ 'ದಿ ಕ್ವೀನ್ ಈಸ್ ಡೆಡ್' ಆಲ್ಬಮ್‌ನಲ್ಲಿರುವ 'ದೇರ್ ಈಸ್ ಎ ಲೈಟ್ ದಟ್ ನೆವರ್ ಗೋಸ್ ಔಟ್' ಹಾಡು.

ಡಬಲ್ ಡೆಕ್ಕರ್ ಬಸ್ಸೋ ಲಾರಿಯೋ ಬಂದು ಗುದ್ದಿದರೂ ಸರಿ, ನಿನ್ನ ಪಕ್ಕದಲ್ಲಿ ಸಾಯುವುದೇ ಸುಖ ಅನ್ನುವ ಸಾಲು ಬರುತ್ತಲ್ವಾ, ಎಲ್ಲರಿಗೂ ನೆನಪಿರುವುದು ಅದೇ. ಹಾಗಾಗಿ ಇದನ್ನು ಸಾವಿನ ಹಾಡು ಅಂದುಕೊಳ್ಳುವವರು ಜಾಸ್ತಿ.

ನನಗೆ ಇದರ ಜೀವ ಇರುವುದು ಅಂಡರ್‌ಪಾಸ್‌ನಲ್ಲಿ. ಇಬ್ಬರೂ ಕೂತಿರುವ ಕಾರು ಆ ಕತ್ತಲೊಳಗೆ ಹೋಗುತ್ತದೆ. ಹೇಳಿಬಿಡೋಕೆ ಇದೇ ಸಮಯ ಅನ್ನಿಸುತ್ತದೆ. ಅಷ್ಟರಲ್ಲಿ ಏನೋ ಭಯ. ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯುತ್ತದೆ. ಏನು ಕೇಳಬೇಕಿತ್ತು ಅಂತ ಬ್ಯಾಂಡ್‌ನ ಗಾಯಕ ಮಾರಿಸ್ಸಿ ಎಲ್ಲೂ ಹೇಳುವುದಿಲ್ಲ. ಪಕ್ಕದಲ್ಲಿರುವುದು ಗಂಡೋ ಹೆಣ್ಣೋ ಅದನ್ನೂ ಹೇಳುವುದಿಲ್ಲ. ಸುಮ್ನೆ 'ನೀನು', ಅಷ್ಟೇ.

ಬಸ್ಸು, ಲಾರಿ ಎಲ್ಲ ದೊಡ್ಡ ಮಾತುಗಳು. ಸಾಯಲೂ ಸಿದ್ಧ ಅನ್ನುವುದು ಸುಲಭ, ಒಂದು ಸಣ್ಣ ಪ್ರಶ್ನೆ ಕೇಳುವುದು ಕಷ್ಟ. ಇದನ್ನು ಇಷ್ಟು ನಿಜವಾಗಿ ಹಿಡಿದ ಹಾಡು ನಾನು ಬೇರೆ ಕೇಳಿಲ್ಲ.

ಮನೆಗೆ ಮಾತ್ರ ಬಿಡಬೇಡ, ಅದು ಈಗ ನನ್ನ ಮನೆಯಲ್ಲ ಅನ್ನುವ ಸಾಲು ಬಂದಾಗ ನಿನ್ನೆಯೂ ಗಂಟಲು ಕಟ್ಟಿತು. ಹಿಂದಕ್ಕೆ ಹೋಗಿ ಅದನ್ನೇ ಇನ್ನೊಮ್ಮೆ ಕೇಳಿದೆ.