ರಜೆಪಟ್ಟಿ ಗೋಡೆ ಮೇಲಿರಲಿ

ಪೊಲೀಸ್ ಕೆಲಸದಲ್ಲಿ ನಮ್ಮನ್ನು ಹೆಚ್ಚು ಸವೆಸುವುದು ಹೊತ್ತುಗೊತ್ತಿಲ್ಲದ ಡ್ಯೂಟಿ. ಹೆಡ್ ಕಾನ್‌ಸ್ಟೆಬಲ್ ಆಗಿ, ಠಾಣೆಯ ದಾಖಲೆ, ಡ್ಯೂಟಿ ಪಟ್ಟಿ ಬರೆಯುವ ರೈಟರ್ ಆಗಿ ದಿನಾ ಕಾಣುತ್ತಿದ್ದೇನೆ. ವಾರದ ರಜೆ ಅಂತ ಇದೆ. ಗಣೇಶ ವಿಸರ್ಜನೆಯೋ ಮಂತ್ರಿಗಳ ಭೇಟಿಯೋ ಬಂದರೆ ಅದು ಹೋಯಿತು.

ಅಪಘಾತದ ಮಹಜರು ಬರೆಯುವಾಗ ಸತ್ತವರ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಬೇಕು. ಬಸ್ ಟಿಕೆಟ್, ಔಷಧಿ ಚೀಟಿ, ಮಗುವಿಗೆಂದು ಕೊಂಡ ಚಕ್ಕುಲಿ ಪೊಟ್ಟಣ. ಅದನ್ನು ಬರೆದು ಸಹಿ ಹಾಕಿಸಿ, ಅಲ್ಲಿಂದ ನೇರ ಬಂದೋಬಸ್ತ್‌ಗೆ ಹೋಗಬೇಕು. ಮನೆಗೆ ಬಂದಾಗ ಮಗಳು ಏನೋ ಕೇಳಿದರೆ ಸಿಡುಕುತ್ತೇವೆ. ಅವಳದ್ದೇನು ತಪ್ಪು?

2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಮುಂದಾಗಿದ್ದು ನೆನಪಿರಬಹುದು. ಸಂಬಳದ ಜೊತೆ ರಜೆಯೂ ಆಗ ಬೇಡಿಕೆಯಾಗಿತ್ತು. ಆಮೇಲೆ ಪೊಲೀಸರ ಸಂಬಳ ಹೆಚ್ಚಿಸುವ ಬಗ್ಗೆ ಔರಾದ್ಕರ್ ಸಮಿತಿಯ ವರದಿ ಬಂತು, ಸಂಬಳದ ಮಾತು ಮುಂದೆ ಹೋಯಿತು. ನಿದ್ದೆಯ ಮಾತು ಮಾತ್ರ ಇನ್ನೂ ಹಿಂದೆಯೇ ಇದೆ.

ಹಿಂದೆ ನಮಗಿದ್ದ ಇನ್‌ಸ್ಪೆಕ್ಟರ್ ಮೇಡಂ ರಜೆಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ಬದಲಿಸಲೇಬೇಕಾದರೆ ತಾವೇ ಫೋನ್ ಮಾಡಿ, ಬದಲಿ ದಿನ ಹೇಳುತ್ತಿದ್ದರು. ಅಷ್ಟಕ್ಕೇ ಠಾಣೆಯ ಮುಖ ಬದಲಾಗಿತ್ತು.

ಡಾಕ್ಟರ ಹತ್ತಿರ ಹೋದರೆ 'ತಲೆ ಕೆಟ್ಟಿದೆ' ಅಂತಾರೆ ಎಂಬ ಭಯ ನಮ್ಮವರಿಗೆ ಬಹಳ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೈಟರ್‌ಗಳೇ, ದಯವಿಟ್ಟು ಈ ನಂಬರನ್ನು ಡ್ಯೂಟಿ ಪಟ್ಟಿಯ ಪಕ್ಕದಲ್ಲೇ ಬರೆದು ಹಾಕಿ.