ನಾಲ್ಕನೆಯ ಮಾತು ನನ್ನ ಪಾಲಿಗೆ ಬಂತು

ಶುಭ ಶುಕ್ರವಾರ ನಮ್ಮ ಸಭೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಬೆಳೆದವರಿಗೆ ಅದರ ಕ್ರಮ ಬಾಯಿಪಾಠ: ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತು, ಒಂದೊಂದಕ್ಕೆ ಒಬ್ಬೊಬ್ಬರು, ನಡುನಡುವೆ ಹಾಡು, ಪ್ರಾರ್ಥನೆ. ಎಲ್ಲ ಮುಗಿದ ಮೇಲೆ ಚರ್ಚಿನ ಹಿಂದೆ ಗಂಜಿ, ಉಪ್ಪಿನಕಾಯಿ. ಏಳನ್ನೂ ನಮ್ಮ ಪಾದ್ರಿ ಅಯ್ಯನವರೇ ಮಾತಾಡುವುದಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಲೆಂಟ್ ಶುರುವಾದ ಮೇಲೆ ಒಂದು ಭಾನುವಾರ ಆರಾಧನೆ ಬಿಟ್ಟಾಗ ಸಭೆಯವರಿಗೆ ಹಂಚುತ್ತಾರೆ.

ಹಂಚುವಾಗ ಎಲ್ಲರಿಗೂ ಅವರವರ ಇಷ್ಟದ್ದು ಇರುತ್ತದೆ. ಶತ್ರುಗಳನ್ನು ಕ್ಷಮಿಸು ಎನ್ನುವ ಮೊದಲನೆಯದಕ್ಕೆ ರಿಟೈರ್ಡ್ ಮೇಷ್ಟ್ರುಗಳು ಮುಂದೆ. ಕಳ್ಳನಿಗೆ ಪರದೈಸು ಸಿಕ್ಕುವ ಎರಡನೆಯದು ಯುವಕರಿಗೆ. ಮೂರನೆಯದರಲ್ಲಿ ತಾಯಿ ಮರಿಯಳು ಬರುವುದರಿಂದ ಅದು ಸ್ತ್ರೀಯರ ಕೂಟಕ್ಕೆ ಮೀಸಲು, ಬೇರೆ ಯಾರೂ ಕೇಳುವಂತೆಯೇ ಇಲ್ಲ. ಐದನೆಯದು ನೀರಡಿಕೆ, ಅದು ಬಂದವರು ಊರಿನ ಕುಡಿಯುವ ನೀರಿನ ಸಮಸ್ಯೆಯನ್ನೂ ಸೇರಿಸಿ ಮುಗಿಸುತ್ತಾರೆ. 'ತೀರಿತು' ಎನ್ನುವುದು, ಆತ್ಮವನ್ನು ತಂದೆಯ ಕೈಗೆ ಒಪ್ಪಿಸುವುದು ಇವೆರಡು ಅಯ್ಯನವರಿಗೂ ಹೊರಗಿಂದ ಬಂದ ಅತಿಥಿಗೂ. ಕೊನೆಗೆ ಯಾರಿಗೂ ಬೇಡವಾಗಿ ಉಳಿಯುವುದು ನಾಲ್ಕನೆಯದು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?"

"ಟೀಚರ್, ಇದು ನಿಮಗಿರಲಿ" ಅಂದರು ಅಯ್ಯನವರು.

ಅವರಿಗೆ ಗೊತ್ತಿತ್ತು ಅಂತ ನನ್ನ ಗುಮಾನಿ. ತಮ್ಮ ತೀರಿಹೋದ ಮೇಲೆ ನಾನು ಚರ್ಚಿಗೆ ಬರುವುದನ್ನು ಬಿಟ್ಟಿರಲಿಲ್ಲ, ಹಾಡುವುದನ್ನೂ ಬಿಟ್ಟಿರಲಿಲ್ಲ. ಪ್ರಾರ್ಥನೆ ಮಾತ್ರ ನಿಂತಿತ್ತು. ಕಣ್ಣು ಮುಚ್ಚಿ ತಲೆ ಬಗ್ಗಿಸಿ ಕೂತರೆ ಹೊರಗಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅಮ್ಮ ತಾನು ಕೊಡುತ್ತೇನೆ ಎಂದು ಹಟ ಹಿಡಿದರು. ಪರೀಕ್ಷೆಗಳೆಲ್ಲ ಆಗಿ ಅಮ್ಮನ ಕಿಡ್ನಿ ಹೊಂದುತ್ತದೆ ಅಂತ ರಿಪೋರ್ಟ್ ಬಂತು. ಆ ಭಾನುವಾರ, ದೇವರಿಗೆ ಕೃತಜ್ಞತೆಯಾಗಿ ಕೊಡುವ ಸ್ತೋತ್ರ ಕಾಣಿಕೆಯ ಕವರಿನ ಮೇಲೆ ಅಮ್ಮ ತಮ್ಮ ಓರೆ ಅಕ್ಷರದಲ್ಲಿ ಬರೆದರು: 'ಮಗನ ಆಪರೇಶನ್ನಿಗೆ ದಾರಿ ತೆರೆದ ದೇವರಿಗೆ.' ಸಭೆಯ ಕಾರ್ಯದರ್ಶಿ ಅದನ್ನು ಮೈಕಿನಲ್ಲಿ ಓದಿದಾಗ ಹಿಂದಿನ ಬೆಂಚುಗಳಿಂದ 'ಸ್ತೋತ್ರ, ಸ್ತೋತ್ರ' ಎಂಬ ದನಿ ಬಂತು. ಆಪರೇಶನ್ನಿನ ದಿನವೂ ಗೊತ್ತಾಯಿತು. ಅದಕ್ಕೆ ಮೊದಲೇ ಅವನಿಗೆ ಸೋಂಕು ಅಂಟಿ, ರಕ್ತಕ್ಕೆ ಹರಡಿ, ಐಸಿಯುಗೆ ಹೋದವನು ಮಾತಾಡುವ ಸ್ಥಿತಿಗೆ ಮತ್ತೆ ಬರಲಿಲ್ಲ.

ನನ್ನ ಪ್ರಶ್ನೆ ಸಾವಿನದಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಡಯಾಲಿಸಿಸ್ ರೋಗಿಗೆ ಸೋಂಕು ಹೇಗೆ ಬರುತ್ತದೆ ಅಂತ ಗೊತ್ತು. ನನ್ನನ್ನು ಕೊರೆಯುತ್ತಿದ್ದುದು ಆ ಕವರು. ಕೊಡುವವನ ಹಾಗೆ ಕೈ ಚಾಚಿ, ನಾವು ಸಭೆಯೆಲ್ಲ ಕೇಳುವಂತೆ ಸ್ತೋತ್ರ ಹೇಳಿದ ಮೇಲೆ ಕೈ ಎಳೆದುಕೊಂಡದ್ದು ಯಾಕೆ? ಕೊಡದೆ ಇರುವುದಾದರೆ ಮೊದಲೇ ಸುಮ್ಮನಿರಬಹುದಿತ್ತಲ್ಲ?

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. 'ದೇವರ ಚಿತ್ತ' ಅಂದವರು ಬಹಳ. 'ಆತನಿಗೆ ಒಳ್ಳೆ ಹೂವೇ ಬೇಕು ನೋಡಿ' ಅಂದರು ಒಬ್ಬರು. ನೆಂಟರಲ್ಲೇ ಒಬ್ಬ ಅತ್ತೆ ಅಮ್ಮನ ಪಕ್ಕ ಕೂತು, ಪ್ರೀತಿಯಿಂದಲೇ, "ಎಲ್ಲೋ ನಂಬಿಕೆಯಲ್ಲಿ ಒಂದು ಸಣ್ಣ ಕೊರತೆ ಇತ್ತೇನೋ ಅಕ್ಕ, ಉಪವಾಸ ಪ್ರಾರ್ಥನೆ ಇನ್ನೂ ಮಾಡಬೇಕಿತ್ತು" ಅಂದರು. ಅಮ್ಮ ತಲೆಯಾಡಿಸಿದರು. ಆ ತಲೆಯಾಡಿಸಿದ್ದನ್ನು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ನಾಲ್ಕನೆಯ ಮಾತಿಗೆ ಸಿದ್ಧವಾಗಲು ಕೂತದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಲಾಟೆಯ ನಡುವೆ. ಅಯ್ಯನವರಿಗೆ ಆಗುವುದಿಲ್ಲ ಅಂತ ಹೇಳಿಬಿಡಬೇಕು ಅನ್ನಿಸಿತ್ತು. ಆದರೆ ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 15ನೆಯ ಅಧ್ಯಾಯ ತೆರೆದಾಗ, ಎಷ್ಟೋ ವರ್ಷ ಏಳು ಮಾತು ಕೇಳಿದವಳ ಕಣ್ಣಿಗೆ ಬೀಳದಿದ್ದ ಒಂದು ಸಂಗತಿ ಕಂಡಿತು. ನಾವು ಏಳು ಮಾತುಗಳನ್ನು ಒಂದು ದಾರದಲ್ಲಿ ಪೋಣಿಸಿಕೊಂಡಿದ್ದೇವೆ, ಆದರೆ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಯಾವುದರಲ್ಲೂ ಏಳೂ ಇಲ್ಲ. ಲೂಕನಲ್ಲಿ ಮೂರು, ಯೋಹಾನನಲ್ಲಿ ಬೇರೆ ಮೂರು. ಮತ್ತಾಯ, ಮಾರ್ಕ ಇಬ್ಬರೂ ಶಿಲುಬೆಯಿಂದ ದಾಖಲಿಸಿದ್ದು ಒಂದೇ ಒಂದು ಮಾತು, ಅದೂ ಈ ಪ್ರಶ್ನೆ. ಮಾರ್ಕನ ಸುವಾರ್ತೆಯೊಂದೇ ಕೈಗೆ ಸಿಕ್ಕಿದ ಮನುಷ್ಯನಿಗೆ ಯೇಸುವಿನ ಕೊನೆಯ ಮಾತು 'ಯಾಕೆ' ಎಂಬುದೇ. ಆಮೇಲೆ ಒಂದು ದೊಡ್ಡ ಕೂಗು, ಅಷ್ಟೆ. ಅದಕ್ಕೆ ಆಕಾಶದಿಂದ ಉತ್ತರವೂ ಇಲ್ಲ. ದೀಕ್ಷಾಸ್ನಾನದ ದಿನ ಕೇಳಿಸಿದ ತಂದೆಯ ದನಿ, ಬೆಟ್ಟದ ಮೇಲೆ ಮೋಡದೊಳಗಿಂದ ಬಂದ ದನಿ, ಇಲ್ಲಿ ಇಲ್ಲ. ಕೆಳಗೆ ನಿಂತವರು ಹಿಂದಿನ ಕಾಲದ ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಅಂದುಕೊಂಡು, ಎಲೀಯ ಬಂದು ಇಳಿಸುತ್ತಾನೋ ನೋಡೋಣ ಎಂದು ಕಾಯುತ್ತಾರೆ. ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡವರು ಕೂಡ ಅಲ್ಲಿ ಇದ್ದ ಹಾಗೆ ಕಾಣುವುದಿಲ್ಲ.

ಆ ಪ್ರಶ್ನೆಯೂ ಯೇಸು ಆಗ ಕಟ್ಟಿಕೊಂಡದ್ದಲ್ಲ. 22ನೆಯ ಕೀರ್ತನೆಯ ಮೊದಲ ಸಾಲು. ತನ್ನ ಜನರ ಪ್ರಾರ್ಥನೆಯ ಪುಸ್ತಕದಿಂದ ಎತ್ತಿಕೊಂಡದ್ದು. ಅಂದರೆ ಉಸಿರಿಗೆ ಕಷ್ಟಪಡುವ ಹೊತ್ತಿನಲ್ಲಿ ಬಾಯಿಗೆ ಬರಲು ದೂರಿನ ಮಾತೊಂದು ಚಿಕ್ಕಂದಿನಿಂದ ಕಲಿತು ಇಟ್ಟುಕೊಂಡಿದ್ದ. ನಮಗೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು 'ಯೆಹೋವನು ನನಗೆ ಕುರುಬನು' ಎಂಬ 23ನೆಯದನ್ನು. ಅದರ ಹಿಂದಿನ ಪುಟವನ್ನು ಯಾರೂ ಮಾಡಿಸಲಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಮೊರೆಗಳೇ; 13ನೆಯದರಲ್ಲಂತೂ ಎರಡೇ ವಚನದೊಳಗೆ ನಾಲ್ಕು ಸಲ 'ಎಷ್ಟರವರೆಗೆ' ಅಂತ ಕೇಳುತ್ತಾನೆ. ನಮ್ಮ ಹಾಡಿನ ಪುಸ್ತಕದಲ್ಲಿ ಆ ಪ್ರಮಾಣ ಹುಡುಕಿದರೆ ಸಿಗುವುದಿಲ್ಲ. ಸಾಕ್ಷಿ ಹೇಳುವ ಪದ್ಧತಿಯೂ ಹಾಗೆಯೇ. ನಮ್ಮದು ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನವರು ಕಟ್ಟಿದ ಸಭೆ, ಎದ್ದು ನಿಂತು ಆತ್ಮದ ಸ್ಥಿತಿ ಹೇಳಿಕೊಳ್ಳುವುದು ಆ ಕಡೆಯಿಂದ ಬಂದ ಬಳುವಳಿ. ಈಗ ಅದು ಗೆದ್ದವರ ಪಟ್ಟಿಯಾಗಿದೆ. ಗುಣವಾದವರು, ವೀಸಾ ಸಿಕ್ಕವರು, ಸೈಟು ರಿಜಿಸ್ಟರ್ ಆದವರು ಎದ್ದು ನಿಲ್ಲುತ್ತಾರೆ. ಗುಣವಾಗದವರು ಕೂತಿರುತ್ತಾರೆ.

ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡು ದೇವರನ್ನೇ ಪ್ರಶ್ನಿಸಿದ ಯೋಬನ ಪುಸ್ತಕವನ್ನೂ ಬೈಬಲಿನಲ್ಲಿ ಓದಿದೆ. ಬಿಡಿಸಿ ಹೇಳುವುದಾದರೆ, 38ನೆಯ ಅಧ್ಯಾಯದಲ್ಲಿ ದೇವರು ಮಾತಿಗೆ ನಿಂತದ್ದು ನನಗೆ ಸಮಾಧಾನ ಕೊಡಲಿಲ್ಲ. ಮಕ್ಕಳನ್ನು ಕಳೆದುಕೊಂಡವನು ಯಾಕೆ ಎಂದು ಕೇಳಿದರೆ ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತೋ ಎಂದು ಮರುಪ್ರಶ್ನೆ. ಚೆಲುವಾದ ಮಾತು, ಉತ್ತರವಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಜಗಳ ತೆಗೆದ ಯೋಬನ ಮೇಲಲ್ಲ, ದೇವರ ಪರವಾಗಿ ವಕೀಲಿ ಮಾಡಿದ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದ ಹಾಗೆ ನೀವು ಸರಿಯಾದದ್ದನ್ನು ಆಡಲಿಲ್ಲ, ಏಳು ಹೋರಿ ಏಳು ಟಗರು ತನ್ನಿ, ಯೋಬನೇ ನಿಮಗಾಗಿ ಬೇಡಿಕೊಳ್ಳಲಿ ಅನ್ನುತ್ತಾನೆ. ಇದನ್ನು ಓದಿ ನಕ್ಕೆ. ನಮ್ಮ ಅತ್ತೆ ಏಳು ಟಗರು ಹೊಡೆದುಕೊಂಡು ನಮ್ಮ ಗೇಟಿನ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು.

ನಕ್ಕ ಮೇಲೆ ಒಂದು ವಿಷಯ ಹೊಳೆಯಿತು. ಎಲೀಫಜ, ಬಿಲ್ದದ, ಚೋಫರ ಆ ಮೂವರು ಗೆಳೆಯರೂ ಪುಟಗಟ್ಟಲೆ ದೇವರ ಬಗ್ಗೆ ಮಾತಾಡುತ್ತಾರೆ; ದೇವರ ಜೊತೆ ಒಂದು ಮಾತೂ ಆಡುವುದಿಲ್ಲ. ಯೋಬ ಮಾತ್ರ ನಡುನಡುವೆ ಅವರನ್ನು ಬಿಟ್ಟು ಮೇಲೆ ತಿರುಗಿ ಬಿಡುತ್ತಾನೆ. ನನ್ನದು ಯಾವ ಕಡೆ? ಸ್ಟಾಫ್ ರೂಮಿನಲ್ಲಿ, ತಂಗಿಯ ಜೊತೆ ಫೋನಿನಲ್ಲಿ, ಮನಸ್ಸಿನಲ್ಲಿ, ಆತನ ಬಗ್ಗೆ ದೂರಿದ್ದು ಬೇಕಾದಷ್ಟು. ಆತನಿಗೇ ಹೇಳಿದ್ದು ಏನೂ ಇಲ್ಲ. ಅವತ್ತು ಬಿಳಿ ಹಾಳೆಯ ಮೇಲೆ ಪ್ರಸಂಗ ಬರೆಯಬೇಕಾದವಳು 'ಆ ಕವರು ನೀನು ಓದಲಿಲ್ಲವೇ?' ಅಂತ ಬರೆದೆ. ಮುಂದಿನ ಸಾಲುಗಳು ಇಲ್ಲಿ ಬೇಡ. ಭಾಷೆ ಚರ್ಚಿಗೆ ತಕ್ಕದ್ದಾಗಿರಲಿಲ್ಲ.

ಶುಕ್ರವಾರ ನನ್ನ ಸರದಿ ಬರುವ ಹೊತ್ತಿಗೆ ಒಂದೂವರೆ ಗಂಟೆ. ಏಪ್ರಿಲ್ ಬಿಸಿಲು, ಹೆಂಚಿನ ಕಾವು, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಬಿಳಿ ಸೀರೆ, ಬಿಳಿ ಶರಟುಗಳ ಸಾಲು. ಬುಲೆಟಿನ್ ಹಾಳೆಯಲ್ಲಿ ಗಾಳಿ ಬೀಸಿಕೊಳ್ಳುವ ಸದ್ದು. ನಾನು 88ನೆಯ ಕೀರ್ತನೆಯ 18 ವಚನಗಳನ್ನೂ ಓದಿದೆ. ಕೀರ್ತನೆಗಳಲ್ಲೆಲ್ಲ ಕತ್ತಲಾಗಿಯೇ ಮುಗಿಯುವುದು ಅದು. ಬೇರೆ ಮೊರೆಗಳ ಹಾಗೆ 'ಆದರೂ ನಾನು ಆತನನ್ನು ಕೊಂಡಾಡುವೆನು' ಎಂಬ ತಿರುವು ಕೊನೆಯಲ್ಲಿ ಇಲ್ಲ. ಆಪ್ತರೆಲ್ಲ ದೂರವಾದರು, ಕತ್ತಲು, ಮುಗಿಯಿತು. ಓದಿ ಆದ ಮೇಲೆ ಆ ಕವರಿನ ಸಂಗತಿ ಹೇಳಿದೆ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಹುಡುಕಿ ತಂದು ನಿಮಗೆ ಕೊಡುವುದೂ ಇಲ್ಲ ಅಂದೆ. ಹೀಗೂ ಪ್ರಾರ್ಥನೆ ಮಾಡಬಹುದು ಅಂತ ಯಾರೋ ಇದನ್ನು ಬೈಬಲಿನೊಳಗೆ ಇಟ್ಟಿದ್ದಾರೆ, ಯೇಸುವೂ ಹಾಗೇ ಮಾಡಿದ, ನಾನೂ ಈಗ ಹಾಗೇ ಮಾಡುತ್ತಿದ್ದೇನೆ ಅಂತ ಹೇಳಿ ಇಳಿದೆ. ಹದಿನೈದು ನಿಮಿಷ ಕೊಟ್ಟಿದ್ದರು, ಅರ್ಧವೂ ಆಗಿರಲಿಲ್ಲ. ಪಿಯಾನೋ ಹುಡುಗ ಗಾಬರಿಯಾಗಿ ಹಾಡಿನ ನಂಬರು ಹುಡುಕಿದ.

ಗಂಜಿಯ ಸಾಲಿನಲ್ಲಿ ಸಭೆಯ ಹಿರಿಯರೊಬ್ಬರು ಸಿಕ್ಕರು. ಒಳ್ಳೆಯ ಮನುಷ್ಯ, ತಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. "ಮಗಳೇ, ನಿನ್ನ ನೋವು ನಂಗೆ ಅರ್ಥ ಆಗುತ್ತೆ. ಆದ್ರೆ ಹಿಂದಿನ ಬೆಂಚಲ್ಲಿ ಹೊಸದಾಗಿ ಬಂದಿರೋರು ಇರ್ತಾರೆ. ಅವರು ಎಡವಿದ್ರೆ?" ಅಂದರು. ತಳ್ಳಿಹಾಕುವ ಮಾತಲ್ಲ. ಅಲ್ಲಿ ನಾನು ವಾದ ಮಾಡಲಿಲ್ಲ. ಆದರೆ ಎಡವುವುದರ ಬಗ್ಗೆ ನನ್ನ ಅನುಭವ ಬೇರೆ. ಸಂಶಯ ಕೇಳಿಸಿಕೊಂಡು ಸಭೆ ಬಿಟ್ಟುಹೋದವರನ್ನು ನಾನು ಕಂಡಿಲ್ಲ. ತಮ್ಮ ಸಂಶಯಕ್ಕೆ ಇಲ್ಲಿ ಜಾಗವಿಲ್ಲ ಅಂದುಕೊಂಡು ಸದ್ದಿಲ್ಲದೆ ಬರುವುದನ್ನು ನಿಲ್ಲಿಸಿದವರು ನಮ್ಮ ನೆಂಟರಲ್ಲೇ ಇದ್ದಾರೆ.

ಯೂತ್‌ನ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ತಟ್ಟೆ ಹಿಡಿದು ಪಕ್ಕಕ್ಕೆ ಬಂದ.

"ಮಿಸ್, ಉತ್ತರ ಸಿಕ್ಕಿಲ್ಲ ಅಂದ್ರಿ. ಮತ್ತೆ ಯಾಕೆ ಬರ್ತೀರ?"

ಅವನಿಗೆ ತೋಮನ ಕಥೆ ನೆನಪಿಸಿದೆ. ಉಳಿದ ಶಿಷ್ಯರು ಕರ್ತನನ್ನು ನೋಡಿದೆವು ಅಂದಾಗ, ಮೊಳೆಯ ಗಾಯದಲ್ಲಿ ಬೆರಳಿಟ್ಟು ನೋಡದ ಹೊರತು ನಂಬುವುದಿಲ್ಲ ಅಂದನಲ್ಲ, ಅದಾದ ಎಂಟು ದಿನದ ಮೇಲೆ ಯೇಸು ಬಂದಾಗ ತೋಮ ಎಲ್ಲಿದ್ದ? ಅದೇ ಶಿಷ್ಯರ ಜೊತೆ, ಒಳಗೆ. ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಆ ವಾರವಿಡೀ ನಂಬದವನು ನಂಬಿದವರ ನಡುವೆ ಊಟ ಮಾಡಿಕೊಂಡು ಇದ್ದ. ಭಾರತಕ್ಕೆ ಸುವಾರ್ತೆ ತಂದವನು ಅವನೇ ಅಂತ ಪರಂಪರೆ ಹೇಳುತ್ತದೆ. ಚೆನ್ನೈಯಲ್ಲಿ ಅವನ ಹೆಸರಿನ ಬೆಟ್ಟವೇ ಇದೆ.

"ನೀವು ಆ ವಾರದಲ್ಲಿದ್ದೀರಾ ಅಂತನಾ?" ಅಂದ ಹುಡುಗ.

"ಸದ್ಯಕ್ಕೆ ಹೌದು ಕಣೋ. ಉಪ್ಪಿನಕಾಯಿ ಹಾಕ್ಕೋ."

ಅಮ್ಮ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಅವರನ್ನು ಕೇಳದೆ ಕವರಿನ ವಿಷಯ ಸಭೆಯಲ್ಲಿ ಎತ್ತಿದ್ದಕ್ಕೆ ಸಿಟ್ಟಾಗಿದ್ದಾರೆ ಅಂದುಕೊಂಡೆ. ಮನೆಗೆ ಬಂದು ಸೀರೆ ಬದಲಾಯಿಸಿ, ಹಾಲು ಕಾಯಿಸಿ, ಎಂದಿನ ಹಾಗೆ ಓಡಾಡಿದರು.

ರಾತ್ರಿ ಮನೆಯ ಪ್ರಾರ್ಥನೆ. ಅಮ್ಮನ ಪ್ರಾರ್ಥನೆಗೆ ಒಂದು ಕ್ರಮ ಇದೆ: ಸಭೆ, ಅಯ್ಯನವರ ಕುಟುಂಬ, ದೇಶ ಆಳುವವರು, ಆಸ್ಪತ್ರೆಯಲ್ಲಿರುವವರು, ಆಮೇಲೆ ಬೀದಿಯ ಒಂದೊಂದು ಮನೆ. ಅವತ್ತು ಆಸ್ಪತ್ರೆಗೆ ಬಂದಾಗ ತಡೆದರು. ದನಿ ಏರಿಸಲಿಲ್ಲ.

"ಕರ್ತನೇ, ನನ್ನ ಕಿಡ್ನಿ ಸರಿಯಾಗಿದೆ ಅಂತ ಡಾಕ್ಟ್ರು ಹೇಳಿದ್ರು. ನಿಂಗೆ ಯಾಕಪ್ಪ ಸರಿಹೋಗ್ಲಿಲ್ಲ? ತಗೋ ಅಂತ ಕೂತಿದ್ನಲ್ಲ ನಾನು. ನನ್ನ ಹತ್ರ ತಗೊಳ್ದೆ ಅವನ್ನೇ ತಗೊಂಡ್ಯಲ್ಲ, ಇದು ನ್ಯಾಯವಾ? ನಂಬಿಕೆ ಕಮ್ಮಿ ಅಂತೆ ನಂದು. ಕಮ್ಮಿ ಇದ್ರೆ ನನ್ನನ್ನ ಕೇಳ್ಬೇಕಿತ್ತು, ಮಗೂನ್ನಲ್ಲ."

ಅತ್ತೆಯ ಮಾತು ಅಷ್ಟು ದಿನ ಅವರೊಳಗೂ ಕೂತಿತ್ತು ಅಂತ ನನಗೆ ತಿಳಿದದ್ದು ಆಗಲೇ. ಸ್ವಲ್ಪ ಹೊತ್ತು ಬಿಟ್ಟು, ಎದುರು ಮನೆಯ ಹುಡುಗಿಯ ಹೆರಿಗೆ ಸುಸೂತ್ರವಾಗಲಿ, ಮೂಲೆ ಮನೆಯವರ ಕೋರ್ಟು ಕೇಸು ಬೇಗ ಮುಗಿಯಲಿ ಅಂತ ಉಳಿದದ್ದನ್ನೂ ಹೇಳಿ ಮುಗಿಸಿದರು. ಕಣ್ಣು ಬಿಟ್ಟು ನನ್ನ ಕಡೆ ನೋಡಿದರು.

"ಆಮೆನ್ ಅನ್ನೋಕೆ ಏನಾಗಿದೆ ನಿಂಗೆ? ಮಧ್ಯಾಹ್ನ ಅಷ್ಟು ಜನದ ಮುಂದೆ ಅಷ್ಟೊಂದು ಮಾತಾಡ್ದೋಳು."