ಬಾಯಿಯ ವಾಸನೆ, ಮಧ್ಯಾಹ್ನದ ಆಯಾಸ ಮತ್ತು ಸಹೋದ್ಯೋಗಿಯ ಏಲಕ್ಕಿ

ಎರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ನನ್ನ ಪಕ್ಕದ ಮೇಜಿನವರು, ನಾನು ತರಗತಿ ಮುಗಿಸಿ ಬಂದಾಗಲೆಲ್ಲ ಏಲಕ್ಕಿಯ ಡಬ್ಬಿಯನ್ನು ಮುಂದೆ ಚಾಚುತ್ತಿದ್ದರು. ಸ್ನೇಹದ ಉಪಚಾರವೆಂದು ತಿಳಿದು ತಿಂಗಳುಗಟ್ಟಲೆ ಏಲಕ್ಕಿ ತಿಂದೆ. ಅದರ ಅರ್ಥ ಹೊಳೆದದ್ದು ಒಂದು ಸಂಜೆ ಮಗಳಿಗೆ ಲೆಕ್ಕ ಹೇಳಿಕೊಡುವಾಗ, ಅವಳು ಮುಖವನ್ನು ಆಚೆ ತಿರುಗಿಸಿ, "ಅಪ್ಪಾ, ಸ್ವಲ್ಪ ದೂರ ಕೂತು ಹೇಳಿಕೊಡು" ಎಂದಾಗ.

ನಮ್ಮ ಬಾಯಿಯ ವಾಸನೆ ನಮಗೆ ತಿಳಿಯುವುದಿಲ್ಲ. ಸದಾ ಇರುವ ವಾಸನೆಯನ್ನು ಮೂಗು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಆ ರಾತ್ರಿ ಮಣಿಕಟ್ಟನ್ನು ನೆಕ್ಕಿ, ಹತ್ತು ಸೆಕೆಂಡು ಒಣಗಲು ಬಿಟ್ಟು, ಮೂಸಿ ನೋಡಿದೆ. ನಾನು ರಸಾಯನಶಾಸ್ತ್ರದ ಅಧ್ಯಾಪಕ. ಪ್ರಯೋಗಾಲಯದ ಕಿಪ್ ಉಪಕರಣದಲ್ಲಿ ಕಬ್ಬಿಣದ ಸಲ್ಫೈಡಿನ ಮೇಲೆ ಆಮ್ಲ ಬಿಟ್ಟು ಹೈಡ್ರೋಜನ್ ಸಲ್ಫೈಡ್ ತಯಾರಿಸಿ, "ಕೊಳೆತ ಮೊಟ್ಟೆಯ ವಾಸನೆ, ಬರೆದುಕೊಳ್ಳಿ" ಎಂದು ಮಕ್ಕಳಿಗೆ ಹೇಳಿದವನೇ, ಅದೇ ಅನಿಲವನ್ನು ಬಾಯಿಯಲ್ಲಿ ಹೊತ್ತು ತಿರುಗುತ್ತಿದ್ದೆ.

ದಂತವೈದ್ಯರು ಹೊಟ್ಟೆಯ ಮಾತನ್ನೇ ಎತ್ತಲಿಲ್ಲ. "ಹೊಟ್ಟೆ ಸರಿಯಿಲ್ಲದಿದ್ದರೆ ಬಾಯಿ ನಾರುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದ್ದರೂ, ಹೆಚ್ಚಿನವರಲ್ಲಿ ವಾಸನೆಯ ಮೂಲ ಬಾಯಿಯೊಳಗೇ ಇರುತ್ತದೆ. ನಾಲಿಗೆಯ ಹಿಂಭಾಗದ ಒರಟು ಮೈಯಲ್ಲಿ, ಒಸಡಿನ ಅಂಚಿನಲ್ಲಿ, ಹಲ್ಲಿನ ಸಂದುಗಳಲ್ಲಿ ಆಮ್ಲಜನಕವಿಲ್ಲದೆ ಬದುಕಬಲ್ಲ ಬ್ಯಾಕ್ಟೀರಿಯಾಗಳು ಆಹಾರದ ಹಾಗೂ ಸತ್ತ ಜೀವಕೋಶಗಳ ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಇವನ್ನು ಹದ್ದುಬಸ್ತಿನಲ್ಲಿಡುವುದು ಜೊಲ್ಲು. ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಉತ್ಪತ್ತಿಯಾಗುವ ಅದು, ನಿದ್ದೆಯಲ್ಲಿ ಬಹುಮಟ್ಟಿಗೆ ನಿಂತುಹೋಗುವುದರಿಂದಲೇ ಬೆಳಗಿನ ಬಾಯಿ ಯಾರದ್ದಾದರೂ ಚೆನ್ನಾಗಿರುವುದಿಲ್ಲ. ನನ್ನ ಬಾಯಿ ಬೆಳಗು ಮಾತ್ರವಲ್ಲ, ಇಡೀ ದಿನ ಒಣಗಿರುತ್ತದೆ ಎಂದು ಗುರುತಿಸಿದ ವೈದ್ಯರು ಕೇಳಿದ ಪ್ರಶ್ನೆ ವಿಚಿತ್ರವೆನಿಸಿತು: "ನಿಮಗೆ ಆಯಾಸವೂ ಇದೆಯೇ?"

ಇತ್ತು. ಊಟದ ನಂತರದ ತರಗತಿಯಲ್ಲಿ ಕಪ್ಪುಹಲಗೆಗೆ ಒರಗಿ ನಿಲ್ಲುವಷ್ಟಿತ್ತು. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಎರಡೂ ತೊಂದರೆಗಳ ಬೇರು ಒಂದೇ ಎಂಬುದು ಆಮೇಲೆ ತಿಳಿಯಿತು. ಸೀಮೆಸುಣ್ಣದ ಧೂಳಿಗೆ ನನ್ನ ಮೂಗು ಕಟ್ಟುತ್ತದೆ. ಮೂಗು ಕಟ್ಟಿದ್ದರಿಂದ ರಾತ್ರಿಯಿಡೀ ಬಾಯಿಯಲ್ಲಿ ಉಸಿರಾಡುತ್ತಿದ್ದೆ. ಮೂಗಿಗೆಂದು ವರ್ಷಗಳಿಂದ ನನ್ನಷ್ಟಕ್ಕೇ ಅಂಗಡಿಯಿಂದ ತಂದು ನುಂಗುತ್ತಿದ್ದ ಸೆಟಿರಿಜಿನ್ ಮಾತ್ರೆಗೆ ಬಾಯಿ ಒಣಗಿಸುವ ಗುಣವೂ ಮಂಪರು ತರುವ ಗುಣವೂ ಇವೆ. ಮಂಪರು ಓಡಿಸಲು ದಿನಕ್ಕೆ ಐದು ಲೋಟ ಕಾಫಿ. ಸಂಜೆಯ ಕಾಫಿಯಿಂದ ನಿದ್ದೆ ಹಾಳು. ತಡವಾಗಿ ಏಳುವುದರಿಂದ ತಿಂಡಿಗೆ ರಜೆ. ಈ ಸರಪಳಿಯನ್ನು ಎಷ್ಟು ಏಲಕ್ಕಿ ತಿಂದರೂ ಕಡಿಯಲಾಗುತ್ತಿರಲಿಲ್ಲ.

ಹಾಗಾಗಿ ಮೊದಲು ಹಿಡಿದದ್ದು ಮೂಗನ್ನು. ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ, ಅದನ್ನು ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹರಿಸಿ ಮೂಗು ತೊಳೆಯುವ ಜಲನೇತಿಯನ್ನು ಸಂಜೆ ಮನೆಗೆ ಬಂದೊಡನೆ ಮಾಡತೊಡಗಿದೆ. ನಲ್ಲಿಯ ನೀರನ್ನು ಹಾಗೆಯೇ ಮೂಗಿಗೆ ಬಿಡಬಾರದು. ಈ ಎಚ್ಚರಿಕೆಯನ್ನು ಹೇಳದೆ ಜಲನೇತಿಯನ್ನು ಹೊಗಳುವವರೇ ಹೆಚ್ಚು. ಮಾತ್ರೆಯನ್ನು ವೈದ್ಯರನ್ನು ಕೇಳಿದ ಮೇಲೆಯೇ ಕಡಿಮೆ ಮಾಡಿದೆ.

ಎರಡನೆಯದು ನಾಲಿಗೆ. ಶಿರಸಿ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಹಲ್ಲುಜ್ಜಲು ಮಾವಿನ ಎಲೆಯನ್ನು ಮಡಿಸಿ ಬಳಸುತ್ತಿದ್ದರು, ಬಳಿಕ ತೆಂಗಿನ ಗರಿಯ ಕಡ್ಡಿಯನ್ನು ಸೀಳಿ ಬಗ್ಗಿಸಿ ನಾಲಿಗೆ ಹೆರೆಯುತ್ತಿದ್ದರು, ಆಗ ಬಚ್ಚಲಿನಿಂದ ಬರುವ ಸದ್ದಿಗೆ ನಾವು ಮಕ್ಕಳು ನಗುತ್ತಿದ್ದೆವು. ಪೇಟೆಗೆ ಬಂದು ಟೂತ್‌ಪೇಸ್ಟು ಹಿಡಿದ ನಾನು ಆ ಎರಡನೆಯ ಕೆಲಸವನ್ನೇ ಕೈಬಿಟ್ಟಿದ್ದೆ. ಈಗ ಗರಿಕಡ್ಡಿಯ ಬದಲು ಉಕ್ಕಿನ ಟಂಗ್ ಕ್ಲೀನರ್ ಇದೆ. ಬಲ ಹಾಕದೆ, ಹಿಂದಿನಿಂದ ಮುಂದಕ್ಕೆ ನಾಲ್ಕೈದು ಸಲ ಎಳೆದರೆ ಸಾಕು. ರಕ್ತ ಬರುವಂತೆ ಹೆರೆಯುವುದು ಶುದ್ಧಿಯಲ್ಲ. ಬಿಳಿಯ ಪದರ ಕಡಿಮೆಯಾದಂತೆ ಮಗಳು ಕುರ್ಚಿಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಹಲ್ಲಿನ ಸಂದುಗಳಿಗೆ ರಾತ್ರಿ ಫ್ಲಾಸ್ ದಾರ ಬೇಕು. ಹಲ್ಲು ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯವನ್ನು ಬಿಟ್ಟು ಪಾಚಿಗಟ್ಟಿದ್ದನ್ನು ತೆಗೆಸಿದೆ.

ಅಡುಗೆಮನೆಯ ಮದ್ದುಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಲವಂಗದ ಯೂಜಿನಾಲ್ ಬ್ಯಾಕ್ಟೀರಿಯಾಗಳನ್ನು ಕೊಂಚ ತಡೆಯಬಲ್ಲದು, ಏಲಕ್ಕಿ ಮತ್ತು ಸೋಂಪು ಅಗಿದರೆ ಜೊಲ್ಲು ಸುರಿಯುತ್ತದೆ, ಉಪ್ಪುನೀರಿನಿಂದ ಮುಕ್ಕಳಿಸಿದರೆ ಒಸಡಿಗೆ ಹಿತವಾಗುತ್ತದೆ. ಆದರೆ ಇವೆಲ್ಲ ಒಂದೆರಡು ಗಂಟೆಯ ಪರದೆಗಳು. ಬೆಳ್ಳುಳ್ಳಿಯ ವಾಸನೆಯ ಮುಂದಂತೂ ಇವು ಸೋಲುತ್ತವೆ, ಏಕೆಂದರೆ ಅದರ ಗಂಧಕದ ಒಂದು ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ. ಊಟವಾದ ಮೇಲೆ ಬಾಯಿ ಶುದ್ಧಿಗೆಂದು ಎಲೆ-ಅಡಿಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಡಿಕೆ ತೋಟದ ಮನೆಯವನಾಗಿ ಹೇಳಲು ಕಷ್ಟವಾದರೂ, ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಇನ್ನು ಕಾಫಿ. ಕೆಫೀನಿನ ಅರ್ಧದಷ್ಟು ದೇಹದಿಂದ ಹೋಗಲು ಸಾಮಾನ್ಯವಾಗಿ 5 ಗಂಟೆ ಹಿಡಿಯುವುದರಿಂದ, ಸಂಜೆ 5ಕ್ಕೆ ಕುಡಿದದ್ದರ ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಬೆಳಗಿನ ಎರಡು ಲೋಟವನ್ನು ಉಳಿಸಿಕೊಂಡು, ಸಂಜೆಗೆ ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಮಾಡಿದ ಪುಡಿಯ ನಮ್ಮೂರ ಕಷಾಯಕ್ಕೆ ಮರಳಿದೆ. ಮೊದಲ ವಾರ ತಲೆನೋವಿತ್ತು. ಪ್ರತಿ ತರಗತಿಯ ಮಧ್ಯೆ ನಾಲ್ಕು ಗುಟುಕು ನೀರು ಕುಡಿಯುವ ಅಭ್ಯಾಸವೂ ಬಂತು. ತಿಂಡಿ ತಪ್ಪಿಸುವುದು ನಿಂತಿತು. ಅಗಿಯುವುದೇ ಜೊಲ್ಲಿಗೆ ಒಳ್ಳೆಯ ಪ್ರಚೋದನೆ. ಬರಿಹೊಟ್ಟೆಯ ಬಾಯಿ ಹೆಚ್ಚು ನಾರುತ್ತದೆ. ಅಕ್ಕಿಯ ತೆಳು ದೋಸೆಯಾದ ತೆಳ್ಳೇವನ್ನು ಮಾತ್ರ ತಿಂದ ದಿನ ಹನ್ನೊಂದು ಗಂಟೆಗೇ ಮೈ ಇಳಿಯುತ್ತಿತ್ತಾದ್ದರಿಂದ, ಜೊತೆಗೆ ಹೆಸರುಕಾಳಿನ ಉಸಲಿಯನ್ನು ಸೇರಿಸಿಕೊಂಡೆ. ಮಧ್ಯಾಹ್ನ ಒಂದೆಲಗದ ತಂಬುಳಿ ಇರುತ್ತದೆ. ಅದರಿಂದ ಚೈತನ್ಯ ಬಂದಿತೆಂದು ಹೇಳಲಾರೆ, ರುಚಿಗೆ ತಿನ್ನುತ್ತೇನೆ.

ಆದರೂ ಆಯಾಸದ ಒಂದು ಪಾಲು ಉಳಿಯಿತು. ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಎಂದು ಬಂತು. ಈ ಜೀವಸತ್ವ ಸೊಪ್ಪು-ಕಾಳುಗಳಲ್ಲಿಲ್ಲ. ಸಸ್ಯಾಹಾರಿಗಳಿಗೆ ಸಿಗುವುದು ಹಾಲು-ಮೊಸರಿನಿಂದ ಬರುವಷ್ಟೇ. ಇಲ್ಲಿ ಸಹಜ ವಿಧಾನವೆಂದು ಹಟ ಹಿಡಿಯದೆ ಮಾತ್ರೆ ನುಂಗಿದೆ. ಹೆಂಗಸರಲ್ಲಿ ಆಯಾಸವನ್ನು ಇನ್ನೂ ಹಗುರವಾಗಿ ಕಾಣುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ, ಊಟದ ಬೆನ್ನಿಗೇ ಕುಡಿಯುವ ಚಹಾ-ಕಾಫಿ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲು ಅಡ್ಡಿಪಡಿಸುತ್ತದೆ. ವಿಪರೀತ ಬಾಯಾರಿಕೆ, ತೂಕ ಇಳಿಕೆ, ಉಸಿರಿಗೆ ಹಣ್ಣು ಕೊಳೆತಂಥ ವಾಸನೆ ಇದ್ದರೆ ಮನೆಮದ್ದು ಹುಡುಕುತ್ತ ಕೂರದೆ ಅಂದೇ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಜೋರು ಗೊರಕೆಯೊಂದಿಗೆ ಹಗಲು ತೂಕಡಿಕೆ ಇದ್ದರೆ ಅದಕ್ಕೂ ಬೇರೆಯೇ ತಪಾಸಣೆಯಿದೆ.

ಧೂಳು ಏಳುವ ಫೆಬ್ರವರಿ-ಮಾರ್ಚ್‌ನಲ್ಲಿ ಮೂಗು ಇಂದಿಗೂ ಕಟ್ಟುತ್ತದೆ, ಬಾಯಿ ಮತ್ತೆ ಒಣಗುತ್ತದೆ. ಆ ದಿನಗಳಲ್ಲಿ ಪಕ್ಕದ ಮೇಜಿನ ಡಬ್ಬಿಗೆ ನಾನೇ ಕೈ ಚಾಚುತ್ತೇನೆ.